ಸುತ್ತು ಎಣಿಸುವ ಮೊದಲು ನಾಡಿ ಎಣಿಸಲಿ

ಅಭ್ಯಾಸ ಬೋಧನೆಯ ದಿನಗಳಲ್ಲಿ ದೈಹಿಕ ಶಿಕ್ಷಣದ ಪಾಠ ಯೋಜನೆಗಳನ್ನು ನೋಡುವವರಿಗೆಲ್ಲ ಒಂದು ಸಾಲು ಬಾಯಿಪಾಠವಾಗಿರುತ್ತದೆ: ‘ಶರೀರ ಬಿಸಿ ಮಾಡಲು ಮಕ್ಕಳನ್ನು ಮೈದಾನದ ಸುತ್ತ ನಾಲ್ಕು ಸುತ್ತು ಓಡಿಸುವುದು.’ ನಾಲ್ಕೇ ಏಕೆ, ಯಾರಿಗೆ ನಾಲ್ಕು, ಯಾವ ವೇಗದಲ್ಲಿ ಎಂಬುದಕ್ಕೆ ಯೋಜನೆಯಲ್ಲಿ ಉತ್ತರವಿರುವುದಿಲ್ಲ. ಗಣಿತದ ಪಾಠದಲ್ಲಿ ಪೂರ್ವಜ್ಞಾನ ಪರೀಕ್ಷಿಸದೆ ಭಿನ್ನರಾಶಿ ಶುರು ಮಾಡಿದರೆ ನಾವು ಅಂಕ ಕಳೆಯುತ್ತೇವೆ. ಮೈದಾನದಲ್ಲಿ ಮಾತ್ರ ನಲವತ್ತು ಮಕ್ಕಳಿಗೂ ಒಂದೇ ಎದೆಗುಂಡಿಗೆ ಇದೆ ಎಂಬಂತೆ ಸೀಟಿ ಊದಿದರೂ ಯಾರೂ ಪ್ರಶ್ನಿಸುವುದಿಲ್ಲ.

ಈ ಪದ್ಧತಿ ಬದಲಾಗಬೇಕು. ಮಗುವಿಗೆ ಎಷ್ಟು ಓಟ ಸಾಕು ಎಂಬುದನ್ನು ಹೇಳಬೇಕಾದದ್ದು ಮೇಷ್ಟ್ರ ಸೀಟಿಯಲ್ಲ, ಮಗುವಿನ ನಾಡಿ ಮತ್ತು ಉಸಿರು. ಅವನ್ನು ಓದುವುದನ್ನು ಮಗುವಿಗೆ ಕಲಿಸುವುದೇ ದೈಹಿಕ ಶಿಕ್ಷಣದ ಮೊದಲ ಪಾಠವಾಗಬೇಕು. ಅದು ಆಗಿದೆಯೋ ಇಲ್ಲವೋ ಎಂಬುದನ್ನು ನಮ್ಮ ಅವಲೋಕನ ನಮೂನೆಯೂ ಕೇಳಬೇಕು.

ಒಂದು ತರಗತಿ, ನಲವತ್ತು ಹೃದಯ

ನಗರಗೆರೆ ಹೋಬಳಿಯ ಯಾವುದೇ ಶಾಲೆಯ ಎಂಟನೆಯ ತರಗತಿಯನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಬೆಳಿಗ್ಗೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಪಕ್ಕದ ಹಳ್ಳಿಯಿಂದ ಸೈಕಲ್ ತುಳಿದು ಬರುವ ಹುಡುಗ ಅಲ್ಲಿದ್ದಾನೆ. ಆಟೋದಲ್ಲಿ ಬಂದಿಳಿದು, ಸಂಜೆ ಮೊಬೈಲ್ ಹಿಡಿದು ಕೂರುವ ಹುಡುಗನೂ ಇದ್ದಾನೆ. ಬೆಳಿಗ್ಗೆ ಏನೂ ತಿನ್ನದೆ ಬಂದವಳು ಒಬ್ಬಳು. ಮುಟ್ಟಿನ ಎರಡನೆಯ ದಿನ ಎಂದು ಹೇಳಿಕೊಳ್ಳಲಾಗದೆ ಸಾಲಿನಲ್ಲಿ ನಿಂತವಳು ಇನ್ನೊಬ್ಬಳು. ಇವರೆಲ್ಲರಿಗೂ ನಾಲ್ಕು ಸುತ್ತು. ಸೈಕಲ್ ತುಳಿಯುವ ಹುಡುಗನಿಗೆ ಅದು ಆಟ, ಮೈ ಬೆವರುವುದೇ ಇಲ್ಲ. ಊಟವಿಲ್ಲದೆ ಬಂದವಳಿಗೆ ಎರಡನೆಯ ಸುತ್ತಿಗೇ ಕಣ್ಣು ಕತ್ತಲೆ. ಒಂದೇ ‘ಚಟುವಟಿಕೆ’ ಒಬ್ಬನಿಗೆ ಏನೂ ಅಲ್ಲ, ಇನ್ನೊಬ್ಬಳಿಗೆ ಶಿಕ್ಷೆ.

ಇದರಲ್ಲಿ ರಕ್ತಹೀನತೆಯ ಪಾತ್ರವನ್ನು ನಾವು ಮರೆಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆ ಇದ್ದಾಗ ಅಷ್ಟೇ ಆಮ್ಲಜನಕವನ್ನು ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಗೆಳತಿಯ ನಾಡಿ 130ರಲ್ಲಿರುವ ಓಟದಲ್ಲಿ ಇವಳದು 165 ಮುಟ್ಟಿರಬಹುದು. ಹೊರಗಿನಿಂದ ನೋಡುವ ನಮಗೆ ಇಬ್ಬರೂ ಒಂದೇ ವೇಗದಲ್ಲಿ ಓಡುತ್ತಿದ್ದಾರೆ. ‘ಸೋಮಾರಿ’, ‘ನೆಪ ಹೇಳ್ತಾಳೆ’ ಎಂಬ ಮಾತುಗಳು ಹುಟ್ಟುವುದು ಇಲ್ಲೇ. ಮುಂದಿನ ವಾರದಿಂದ ಆ ಹುಡುಗಿ ಹೊಂಗೆ ಮರದ ಕೆಳಗೆ ಕೂರಲು ಕಲಿಯುತ್ತಾಳೆ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ‘ವ್ಯಾಯಾಮ ನನಗಲ್ಲ’ ಎಂಬ ತೀರ್ಮಾನ ಗಟ್ಟಿಯಾಗಿರುತ್ತದೆ. ನಾವು ಕಲಿಸದಿದ್ದರೂ ಅವಳು ಕಲಿತ ಪಾಠ ಅದು.

ಹೆದರಿಕೆ ಮತ್ತು ಹುಂಬತನ

ಈ ಮಾತು ಮೈದಾನಕ್ಕಷ್ಟೇ ಸೇರಿದ್ದಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡ ನಾಡಿನ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಅಷ್ಟು ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ? ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. 2025ರ ನಡುವಿನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ಮತ್ತೆ ಅದೇ ಆತಂಕ, ಅದೇ ಸಾಲು. ‘ಜಾಸ್ತಿ ಓಡಿಸಬೇಡಿ ಸಾರ್’ ಎನ್ನುವ ಪೋಷಕರು ಈಗ ಶಾಲೆಗೂ ಬರುತ್ತಾರೆ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಪೊಲೀಸ್ ಅಥವಾ ಸೇನಾ ನೇಮಕಾತಿಗೆಂದು ಯಾವ ತಯಾರಿಯೂ ಇಲ್ಲದೆ ಒಂದೇ ವಾರದಲ್ಲಿ ದಮ್ಮು ಕಟ್ಟುವಷ್ಟು ಓಡುವ ಯುವಕರೂ ಇದ್ದಾರೆ.

ಹೆದರಿಕೆಗೂ ಹುಂಬತನಕ್ಕೂ ಬೇರು ಒಂದೇ: ತನ್ನ ದೇಹಕ್ಕೆ ಎಷ್ಟು ಹದ ಎಂದು ಅಳೆಯಲು ಬಾರದಿರುವುದು. ಅಭ್ಯಾಸವಿಲ್ಲದವರು ಇದ್ದಕ್ಕಿದ್ದಂತೆ ತೀವ್ರವಾಗಿ ದಣಿದರೆ ಅಪಾಯ ತಾತ್ಕಾಲಿಕವಾಗಿ ಏರುತ್ತದೆ. ಕ್ರಮವಾಗಿ ವ್ಯಾಯಾಮ ಮಾಡುವವರಲ್ಲಿ ಆ ಅಪಾಯ ಬಹಳ ಕಡಿಮೆ. ಆದ್ದರಿಂದ ‘ವ್ಯಾಯಾಮ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿ ಪ್ರಯೋಜನವಿಲ್ಲ. ‘ಇವತ್ತು, ನನಗೆ, ಎಷ್ಟು’ ಎಂದು ಕೇಳಬೇಕು. ಹಾಗೆ ಕೇಳುವುದನ್ನು ಶಾಲೆಯಲ್ಲಿ ಕಲಿಸದಿದ್ದರೆ ಬೇರೆ ಎಲ್ಲಿಯೂ ಕಲಿಸುವುದಿಲ್ಲ.

220ರ ಸೂತ್ರವನ್ನು ಪ್ರಶ್ನಿಸೋಣ

ಹೃದಯ ಬಡಿತದ ಮಾತು ಬಂದೊಡನೆ ಪ್ರಶಿಕ್ಷಣಾರ್ಥಿಗಳು ಒಂದು ಸೂತ್ರ ಹೇಳುತ್ತಾರೆ: 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ. ಜಿಮ್ಮಿನ ಗೋಡೆಯ ಮೇಲೂ ಇದೇ ಇರುತ್ತದೆ, ಕೈಗಡಿಯಾರದ ಆ್ಯಪ್‌ನಲ್ಲೂ ಇದೇ. ಇದರ ಮೂಲ 1971ರಲ್ಲಿ ಅಮೆರಿಕದ ಫಾಕ್ಸ್, ಹ್ಯಾಸ್ಕೆಲ್ ಮೊದಲಾದವರು ಪ್ರಕಟಿಸಿದ ಒಂದು ಲೇಖನ. ಬೇರೆ ಬೇರೆ ಅಧ್ಯಯನಗಳಿಂದ ಸಿಕ್ಕ ಅಂಕಿಗಳನ್ನು ಒಂದು ನಕ್ಷೆಯಲ್ಲಿಟ್ಟು ಅಂದಾಜಿಗೆ ಎಳೆದ ಗೆರೆ ಅದು. ಅದನ್ನು ಕಟ್ಟುನಿಟ್ಟಿನ ನಿಯಮವಾಗಿ ಬಳಸಲೆಂದು ರೂಪಿಸಿರಲಿಲ್ಲ ಎಂದು ಹ್ಯಾಸ್ಕೆಲ್ ಅವರೇ ಮುಂದೆ ಹೇಳಿದರು. 2001ರಲ್ಲಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆರೋಗ್ಯವಂತ ವಯಸ್ಕರಿಗೆ ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು.

ಎರಡನ್ನೂ ಹಾಕಿ ನೋಡೋಣ. 40 ವರ್ಷದವರಿಗೆ ಎರಡೂ 180 ಎನ್ನುತ್ತವೆ. 22 ವರ್ಷದ ಪ್ರಶಿಕ್ಷಣಾರ್ಥಿಗೆ ಒಂದು 198, ಇನ್ನೊಂದು ಸುಮಾರು 193. 13 ವರ್ಷದ ಮಗುವಿಗೆ ಒಂದು 207, ಇನ್ನೊಂದು 199. ಮಕ್ಕಳ ವಿಷಯದಲ್ಲಿ ಹಳೆಯ ಸೂತ್ರ ಇನ್ನೂ ಎಡವುತ್ತದೆ, ಏಕೆಂದರೆ ಬಾಲ್ಯದಿಂದ ಹದಿಹರೆಯದವರೆಗೆ ಗರಿಷ್ಠ ಬಡಿತ ವಯಸ್ಸಿನೊಂದಿಗೆ ಹೆಚ್ಚು ಬದಲಾಗುವುದಿಲ್ಲ, ಸರಾಸರಿ 200ರ ಆಸುಪಾಸಿನಲ್ಲೇ ಇರುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಯಾವ ಸೂತ್ರ ಹಿಡಿದರೂ ಸುಮಾರು ಮೂವರಲ್ಲಿ ಒಬ್ಬರ ನಿಜವಾದ ಗರಿಷ್ಠ ಬಡಿತ ಅದರ ಉತ್ತರಕ್ಕಿಂತ ಹತ್ತಕ್ಕೂ ಹೆಚ್ಚು ಬಡಿತ ಆಚೆಯೋ ಈಚೆಯೋ ಇರುತ್ತದೆ. ಸೂತ್ರ ಹೇಳುವುದು ಗುಂಪಿನ ಸರಾಸರಿ. ನಮ್ಮ ಮುಂದೆ ನಿಂತ ಮಗು ಸರಾಸರಿ ಅಲ್ಲ.

ಶೇಕಡಾವಾರು ಹೇಳುವಾಗಲೂ ಎಚ್ಚರ ಬೇಕು. ‘ಶೇ. 60ರ ತೀವ್ರತೆಯಲ್ಲಿ ಓಡಿಸುವುದು’ ಎಂದು ಯೋಜನೆಯಲ್ಲಿ ಬರೆದರೆ ಅರ್ಥ ಪೂರ್ತಿಯಾಗುವುದಿಲ್ಲ. ಗರಿಷ್ಠ ಬಡಿತದ ಶೇ. 60 ಒಂದು ಲೆಕ್ಕ. ಫಿನ್ಲೆಂಡಿನ ಕಾರ್ವೊನೆನ್ 1957ರಲ್ಲಿ ತೋರಿಸಿದ ದಾರಿ ಇನ್ನೊಂದು: ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತ ಕಳೆದು, ಉಳಿದದ್ದರ ಶೇಕಡಾವಾರು ತೆಗೆದು, ಅದಕ್ಕೆ ವಿಶ್ರಾಂತಿಯ ಬಡಿತವನ್ನು ಮತ್ತೆ ಕೂಡುವುದು. ಗರಿಷ್ಠ 198, ವಿಶ್ರಾಂತಿ 72 ಇರುವ ಪ್ರಶಿಕ್ಷಣಾರ್ಥಿಗೆ ಮೊದಲ ಲೆಕ್ಕದಲ್ಲಿ ಶೇ. 60 ಎಂದರೆ 119. ಎರಡನೆಯ ಲೆಕ್ಕದಲ್ಲಿ ಅದೇ ಶೇ. 60 ಎಂದರೆ 148. ಒಂದು ಚುರುಕು ನಡಿಗೆ, ಇನ್ನೊಂದು ಒಳ್ಳೆಯ ಓಟ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ವಯಸ್ಕರ ಮಧ್ಯಮ ತೀವ್ರತೆಗೆ ಗರಿಷ್ಠ ಬಡಿತದ ಶೇ. 64–76 ಎಂದೂ, ಕಾರ್ವೊನೆನ್ ಲೆಕ್ಕದಲ್ಲಿ ಶೇ. 40–59 ಎಂದೂ ಬೇರೆ ಬೇರೆ ಅಂಕಿ ಕೊಡುವುದು ಇದಕ್ಕಾಗಿಯೇ. ಯಾವ ಲೆಕ್ಕ ಎಂದು ಹೇಳದ ಶೇಕಡಾವಾರು, ಮಾನ ಹೇಳದ ಅಳತೆಯಂತೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಓದಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಎಚ್. ನರಸಿಂಹಯ್ಯನವರು ಬದುಕಿನುದ್ದಕ್ಕೂ ಹೇಳಿದ್ದು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು. ಆ ಮಾತನ್ನು ನಾವು ಪವಾಡಗಳಿಗಷ್ಟೇ ಮೀಸಲಿಡುತ್ತೇವೆ. ಗೋಡೆಯ ಮೇಲಿನ ಸೂತ್ರಕ್ಕೂ ಅದು ಅನ್ವಯಿಸುತ್ತದೆ.

ಎರಡು ಪಾಠಗಳು ಭೇಟಿಯಾಗಲಿ

ನಾಡಿ ಎಣಿಸುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಏಳನೆಯ ತರಗತಿಯ ವಿಜ್ಞಾನದಲ್ಲಿ, ಪ್ರಾಣಿಗಳಲ್ಲಿ ಮತ್ತು ಸಸ್ಯಗಳಲ್ಲಿ ಸಾಗಾಣಿಕೆಯ ಪಾಠದೊಂದಿಗೆ ಈ ಚಟುವಟಿಕೆಯನ್ನು ಮಾಡಿಸುತ್ತಲೇ ಬಂದಿದ್ದೇವೆ. ಆದರೆ ವಿಜ್ಞಾನದ ಪ್ರಶಿಕ್ಷಣಾರ್ಥಿ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ನಾಡಿ ಎಣಿಸಿ, ಕೋಷ್ಟಕ ತುಂಬಿಸಿ ಮುಗಿಸುತ್ತಾನೆ. ದೈಹಿಕ ಶಿಕ್ಷಣದ ಪ್ರಶಿಕ್ಷಣಾರ್ಥಿ ಅದೇ ಮಕ್ಕಳನ್ನು ನಾಡಿ ನೋಡದೆ ಓಡಿಸುತ್ತಾನೆ. ಒಂದೇ ವಾರ, ಒಂದೇ ಶಾಲೆ, ಎರಡು ಪಾಠಗಳಿಗೆ ಪರಿಚಯವೇ ಇಲ್ಲ. ಇವೆರಡನ್ನು ಕೂಡಿಸುವುದಕ್ಕೆ ಹಣ ಬೇಡ, ಸಲಕರಣೆ ಬೇಡ. ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಸಾಕು.

ಮಾಡುವ ಕ್ರಮ ಹೀಗಿರಲಿ. ಹಿಂದಿನ ದಿನ ಮಕ್ಕಳಿಗೆ ಮನೆಗೆಲಸ: ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ತೋರುಬೆರಳು ಮತ್ತು ನಡುಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ ಬರೆದುಕೊಳ್ಳುವುದು. ಹೆಬ್ಬೆರಳಿನಿಂದ ಹಿಡಿಯಬಾರದು, ಅದರ ಮಿಡಿತವೇ ಗೊಂದಲ ಮಾಡುತ್ತದೆ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರೊಳಗೆ ಬರುತ್ತದೆ. ‘ನನ್ನದು 68, ಅವಳದು 88’ ಎಂದು ಮಕ್ಕಳು ತಾವೇ ಕಂಡುಕೊಂಡಾಗ, ಎಲ್ಲರಿಗೂ ಒಂದೇ ಅಳತೆ ಸಲ್ಲದು ಎಂಬುದನ್ನು ನಾವು ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ.

ಮೈದಾನದಲ್ಲಿ ಓಟ ನಿಲ್ಲಿಸಿದ ತಕ್ಷಣ ಎಣಿಸಬೇಕು, ಏಕೆಂದರೆ ಮಕ್ಕಳ ನಾಡಿ ಬೇಗ ಇಳಿಯುತ್ತದೆ. ಒಂದು ನಿಮಿಷ ಎಣಿಸುತ್ತಾ ನಿಂತರೆ ಓಟದ ನಾಡಿ ಸಿಗುವುದಿಲ್ಲ, ಸುಧಾರಿಸಿಕೊಂಡ ನಾಡಿ ಸಿಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. 10 ಸೆಕೆಂಡು ಎಣಿಸಿ ಆರರಿಂದ ಗುಣಿಸಿದರೆ ಅದೇ ತಪ್ಪು ಆರಾಗುತ್ತದೆ. ಎಷ್ಟು ಹೊತ್ತು ಎಣಿಸಿದರೆ ಮೇಲು ಎಂದು ತರಗತಿಯೇ ಚರ್ಚಿಸಲಿ. ಅಳತೆಯ ದೋಷವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಗಣಿತ ಪಾಠ ಹುಡುಕಿದರೂ ಸಿಗದು.

ಸುತ್ತಿನ ಬದಲು ನಿಮಿಷ

ನಾಡಿಗಿಂತ ಸುಲಭದ ಅಳತೆಯೊಂದು ಪ್ರತಿ ಮಗುವಿನ ಬಾಯಲ್ಲೇ ಇದೆ. ಓಡುತ್ತಲೇ ಹಾಡಲು ಆಗುತ್ತಿದ್ದರೆ ತೀವ್ರತೆ ಕಡಿಮೆ. ಹಾಡಲಾಗದೆ ಮಾತಾಡಲು ಆಗುತ್ತಿದ್ದರೆ ಮಧ್ಯಮ. ಎರಡು ಮೂರು ಪದಕ್ಕೊಮ್ಮೆ ಮಾತು ತುಂಡಾಗುತ್ತಿದ್ದರೆ ತೀವ್ರ. ಇದನ್ನು ಮಾತಿನ ಪರೀಕ್ಷೆ ಎನ್ನುತ್ತಾರೆ. ಆಂಧ್ರದ ಗಡಿಗೆ ಹತ್ತಿರದ ನಮ್ಮ ಹೋಬಳಿಯಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಓಡುವಾಗ ಆಡುವ ಮಾತು ಮನೆಯ ಭಾಷೆಯಲ್ಲೇ ಇರಲಿ. ಪದ ಹುಡುಕಿ ತಡವರಿಸುವುದನ್ನು ಉಸಿರು ಕಟ್ಟಿತೆಂದು ನಾವು ತಪ್ಪು ತಿಳಿಯಬಾರದಲ್ಲವೇ? ಜೊತೆಗಾರರಿಬ್ಬರು ಮಾತಾಡುತ್ತಾ ಓಡಲಿ, ಮಾತು ನಿಂತಾಗ ನಡೆಯಲಿ, ಮಾತು ಮರಳಿದಾಗ ಮತ್ತೆ ಓಡಲಿ.

ಹಾಗಾದರೆ ಪಾಠ ಯೋಜನೆಯಲ್ಲಿ ಏನು ಬರೆಯಬೇಕು? ‘ನಾಲ್ಕು ಸುತ್ತು’ ಎಂಬುದನ್ನು ಹೊಡೆದುಹಾಕಿ ‘ಆರು ನಿಮಿಷ, ಮಾತಾಡಲು ಆಗುವಷ್ಟು ವೇಗದಲ್ಲಿ’ ಎಂದು ಬರೆಯಿರಿ. ಬದಲಾವಣೆ ಸಣ್ಣದೆಂದು ಕಾಣಬಹುದು, ಪರಿಣಾಮ ದೊಡ್ಡದು. ಸುತ್ತಿನ ಲೆಕ್ಕದಲ್ಲಿ ನಿಧಾನದ ಮಗು ಎಲ್ಲರ ಕಣ್ಣೆದುರು ಕೊನೆಯವಳಾಗಿ, ಒಬ್ಬಳೇ ಓಡಿ ಮುಗಿಸಬೇಕು. ನಿಮಿಷದ ಲೆಕ್ಕದಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸುತ್ತಾರೆ. ಗಟ್ಟಿಗ ಐದು ಸುತ್ತು ಹಾಕಿರುತ್ತಾನೆ, ಇನ್ನೊಬ್ಬಳು ಎರಡೂವರೆ. ಇಬ್ಬರ ಹೃದಯವೂ ಅಂದಿಗೆ ಮಾಡಬೇಕಾದ ಕೆಲಸ ಮಾಡಿರುತ್ತದೆ. ತಿಂಗಳ ಕೊನೆಗೆ ಅದೇ ಮಾತಿನ ವೇಗದಲ್ಲಿ ಎರಡೂವರೆ ಮೂರಾದರೆ, ಅಥವಾ ಅದೇ ಎರಡೂವರೆಗೆ ನಾಡಿ ಮೊದಲಿಗಿಂತ ಕಡಿಮೆ ಬಂದರೆ, ಅದೇ ಪ್ರಗತಿ. ಆ ಮಗುವನ್ನು ಅದರ ಹಿಂದಿನ ತಿಂಗಳಿನೊಂದಿಗೆ ಮಾತ್ರ ಹೋಲಿಸುತ್ತೇವೆ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಸಮಯದ್ದು: ನಲವತ್ತು ನಿಮಿಷದ ಅವಧಿಯಲ್ಲಿ ನಾಡಿ ಎಣಿಸುತ್ತಾ ಕೂರಲು ಆಗುತ್ತದೆಯೇ? ಮೊದಲೆರಡು ದಿನ ಹತ್ತು ನಿಮಿಷ ಹಿಡಿಯುತ್ತದೆ, ನಿಜ. ಬೆರಳು ಪಳಗಿದ ಮೇಲೆ ಮೂರು ಸಲ ಎಣಿಸಿದರೂ ಎರಡು ನಿಮಿಷ ದಾಟದು. ಸಾಲು ಸರಿಪಡಿಸಲು ನಾವು ಕಳೆಯುವ ಸಮಯ ಅದಕ್ಕಿಂತ ಹೆಚ್ಚು.

ಎರಡನೆಯದು ಪರೀಕ್ಷೆಯದು. ಖೇಲೋ ಇಂಡಿಯಾ ಕ್ಷಮತಾ ಪರೀಕ್ಷೆಯಲ್ಲಿ 600 ಮೀಟರ್ ಓಟ ಅಥವಾ ನಡಿಗೆ ಎಲ್ಲರಿಗೂ ಒಂದೇ ದೂರ, ಮತ್ತೆ ಈ ಮಾತೇಕೆ? ಪರೀಕ್ಷೆ ಬೇರೆ, ಕಲಿಕೆ ಬೇರೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಎಂದು ಪಾಠವನ್ನೂ ಎಲ್ಲರಿಗೂ ಒಂದೇ ವೇಗದಲ್ಲಿ ಮಾಡುತ್ತೇವೆಯೇ? ಆ ಪರೀಕ್ಷೆಯಲ್ಲಿ ನಡೆಯಲೂ ಅವಕಾಶವಿದೆ ಎಂಬುದನ್ನೇ ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಮಾತಾಡುವ ವೇಗದಲ್ಲೇ ಬಿಟ್ಟರೆ ಮಕ್ಕಳು ಎಂದೂ ಕಷ್ಟಪಡಲು ಕಲಿಯುವುದಿಲ್ಲವಲ್ಲ? ಮಾತಿನ ವೇಗ ಬುನಾದಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಚಟುವಟಿಕೆ ಬೇಕೆಂದೂ, ವಾರಕ್ಕೆ ಮೂರು ದಿನವಾದರೂ ತೀವ್ರ ಚಟುವಟಿಕೆ ಇರಬೇಕೆಂದೂ ಹೇಳುತ್ತದೆ. ಮಾತು ತುಂಡಾಗುವ ಮಟ್ಟಕ್ಕೆ ಮಕ್ಕಳು ಹೋಗಲೇಬೇಕು. ಖೋಖೋ, ಕಬಡ್ಡಿ, ಲಗೋರಿ ಅಲ್ಲಿಗೆ ತಾವೇ ಕರೆದೊಯ್ಯುತ್ತವೆ, ನಡುವೆ ಬಿಡುವನ್ನೂ ಕೊಡುತ್ತವೆ. ತಾನು ಯಾವ ಮಟ್ಟದಲ್ಲಿದ್ದೇನೆ ಎಂದು ಗೊತ್ತಿದ್ದು ಅಲ್ಲಿಗೆ ಹೋಗುವುದಕ್ಕೂ, ಬಯ್ಗುಳಕ್ಕೆ ಹೆದರಿ ಹೋಗುವುದಕ್ಕೂ ವ್ಯತ್ಯಾಸವಿದೆ.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯಬಾರದು. ಓಡುವಾಗ ಎದೆನೋವು ಎನ್ನುವ, ತಲೆಸುತ್ತಿ ಬೀಳುವ, ಓಟ ನಿಲ್ಲಿಸಿ ಬಹಳ ಹೊತ್ತಾದರೂ ಎದೆ ಡವಡವ ಎನ್ನುತ್ತಲೇ ಇರುವ ಮಗುವಿನ ಮೇಲೆ ಯಾವ ಸೂತ್ರವನ್ನೂ ಪ್ರಯೋಗಿಸಬಾರದು. ಅಲ್ಲೇ ನಿಲ್ಲಿಸಿ, ಮುಖ್ಯ ಶಿಕ್ಷಕರಿಗೂ ಮನೆಯವರಿಗೂ ತಿಳಿಸಿ ವೈದ್ಯರಲ್ಲಿಗೆ ಕಳಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವಿನ ಹೆಸರು ಮೊದಲು ಹೇಳಬೇಕು. ಬಿಸಿಲೂ ಲೆಕ್ಕಕ್ಕೆ ಬರಲಿ: ಅದೇ ಓಟಕ್ಕೆ ಮಾರ್ಚ್ ತಿಂಗಳ ಮಧ್ಯಾಹ್ನದ ನಾಡಿ ಡಿಸೆಂಬರಿನ ಬೆಳಗಿನ ನಾಡಿಗಿಂತ ಹೆಚ್ಚು. ಬಿಸಿಯೂಟ ಮುಗಿದ ಕೂಡಲೇ ಬರುವ ಅವಧಿಯಲ್ಲಿ ಓಟ ಬೇಡವೇ ಬೇಡ.

ನಮ್ಮ ನಮೂನೆಯಲ್ಲಿ ಮೂರು ಸಾಲು

ಪ್ರಶಿಕ್ಷಣಾರ್ಥಿ ಮಾಡುವುದು ನಾವು ಯಾವುದಕ್ಕೆ ಅಂಕ ಕೊಡುತ್ತೇವೋ ಅದನ್ನು. ಈಗಿನ ಅವಲೋಕನದಲ್ಲಿ ಸಮವಸ್ತ್ರ, ಆಜ್ಞೆಯ ಧ್ವನಿ, ಸಾಲಿನ ಶಿಸ್ತಿಗೆ ಅಂಕವಿದೆ. ಮಗುವಿನ ದೇಹ ಏನು ಹೇಳಿತು ಎಂಬುದಕ್ಕೆ ಜಾಗವಿಲ್ಲ. ಅದಕ್ಕೆ ಮೂರು ಸಾಲು ಸೇರಿಸೋಣ. ಒಂದು, ಪ್ರತಿ ಮಗುವಿಗೂ ತನ್ನ ವಿಶ್ರಾಂತಿಯ ನಾಡಿ ಗೊತ್ತಿತ್ತೇ? ಎರಡು, ಚಟುವಟಿಕೆಯ ನಡುವೆ ತೀವ್ರತೆಯನ್ನು ಮಕ್ಕಳೇ ಪರೀಕ್ಷಿಸಿಕೊಂಡರೇ, ಅದರಂತೆ ವೇಗ ಬದಲಿಸಿಕೊಂಡರೇ? ಮೂರು, ಅವಧಿ ಮುಗಿದಾಗ ಮರದ ಕೆಳಗೆ ಕೂತವರು ಎಷ್ಟು ಜನ, ಏಕೆ?

ಮೂರನೆಯ ಸಾಲನ್ನು ತುಂಬಲು ಹೋದವರು ಆ ಮಕ್ಕಳನ್ನು ಮಾತಾಡಿಸಲೇಬೇಕಾಗುತ್ತದೆ. ಹಾಗೆ ಮಾತಾಡಿಸಿದ ಪ್ರಶಿಕ್ಷಣಾರ್ಥಿ ಮುಂದಿನ ದಿನದ ಯೋಜನೆಯಲ್ಲಿ ‘ನಾಲ್ಕು ಸುತ್ತು’ ಎಂದು ಬರೆಯುವ ಮೊದಲು ಒಂದು ಕ್ಷಣ ಪೆನ್ನು ನಿಲ್ಲಿಸುತ್ತಾರೆ ಎಂಬ ನಂಬಿಕೆ ನನಗಿದೆ.